ಹನ್ನೊಂದು ಅಧ್ಯಾಯ, ಹನ್ನೆರಡು ಗಂಟೆ

ರಾತ್ರಿ ಎಂಟೂವರೆಗೆ ಕೂತು ಲೆಕ್ಕ ಹಾಕಿದೆ. ಅಡ್ವಾನ್ಸ್ಡ್ ಬಯಾಲಜಿಯಲ್ಲಿ ನಾನು ಮುಟ್ಟದೆ ಬಿಟ್ಟಿದ್ದು ಹನ್ನೊಂದು ಅಧ್ಯಾಯ, ಪರೀಕ್ಷೆಗೆ ಉಳಿದಿದ್ದು ಹನ್ನೆರಡು ಗಂಟೆ. ಅಧ್ಯಾಯಕ್ಕೊಂದು ಗಂಟೆ, ಕೊನೆಯಲ್ಲಿ ಒಂದು ಗಂಟೆ ನಿದ್ದೆ. ಲೆಕ್ಕ ಎಷ್ಟು ಚೆನ್ನಾಗಿ ಕೂತಿತೆಂದರೆ, ಆ ಖುಷಿಗೆ ವೇಳಾಪಟ್ಟಿಗೇ ಮೂರು ಬಣ್ಣ ಹಾಕುತ್ತಾ ಅರ್ಧ ಗಂಟೆ ಕಳೆದೆ.

ಮೊದಲು ಹಿಡಿದಿದ್ದು ಕ್ರೆಬ್ಸ್ ಚಕ್ರ, ಜೀವಕೋಶ ಆಹಾರದಿಂದ ಶಕ್ತಿ ಪಡೆಯುವಾಗ ಸುತ್ತುವ ರಾಸಾಯನಿಕ ಕ್ರಿಯೆಗಳ ಸರಣಿ. ಕಷ್ಟದ್ದನ್ನು ಮೊದಲು ಮುಗಿಸಬೇಕು ಅಂತ ಯಾರೋ ಯಾವಾಗಲೋ ಹೇಳಿದ್ದು ತಲೆಯಲ್ಲಿತ್ತು. ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ಇದನ್ನು ಬಿಡಿಸಿದ್ದು, ನಾನು ಬಿಡಿಸುತ್ತಿರುವುದು ಪರೀಕ್ಷೆಯ ಹಿಂದಿನ ರಾತ್ರಿ. ದೊಡ್ಡ ಹಾಳೆ ತೆಗೆದುಕೊಂಡು, ತಟ್ಟೆ ಬೋರಲು ಹಾಕಿ ಸುತ್ತ ಗೆರೆ ಎಳೆದು, ಬಾಣಗಳಿಗೆ ಕೆಂಪು, ಹೊರಗೆ ಹೋಗುವ ಇಂಗಾಲದ ಡೈಆಕ್ಸೈಡಿಗೆ ಬೂದು. ಸುತ್ತ ಬರುವ ರಾಸಾಯನಿಕಗಳ ಹೆಸರು: ಸಿಟ್ರೇಟ್, ಐಸೊಸಿಟ್ರೇಟ್, ಸಕ್ಸಿನೇಟ್, ಫ್ಯೂಮರೇಟ್, ಮ್ಯಾಲೇಟ್. ಮದುವೆ ಮನೆಯಲ್ಲಿ ಸಿಗುವ ದೂರದ ನೆಂಟರ ಮಕ್ಕಳ ಹಾಗೆ, ಒಬ್ಬರ ಹೆಸರು ನೆನಪಾಗುವಷ್ಟರಲ್ಲಿ ಇನ್ನೊಬ್ಬರದು ಮರೆತಿರುತ್ತದೆ. ಹತ್ತೂಮುಕ್ಕಾಲಿಗೆ ಚಿತ್ರ ಮುಗಿಯಿತು. ಗೋಡೆಗೆ ಅಂಟಿಸಿ ಅಕ್ಕನಿಗೆ ಫೋಟೋ ಕಳಿಸಿದೆ.

ಅಕ್ಕ ಇದೇ ಪರೀಕ್ಷೆಯನ್ನು ನಾಲ್ಕು ವರ್ಷದ ಹಿಂದೆ ಬರೆದವಳು. ಮೆಚ್ಚುಗೆಯ ಮಾತು ಬರುತ್ತದೆ ಅಂತ ಕಾಯುತ್ತಿದ್ದರೆ ಫೋನೇ ಬಂತು.

"ಚಿತ್ರ ಚೆನ್ನಾಗಿದೆ ಕಣೋ. ಈಗ ಅದಕ್ಕೆ ಬೆನ್ನು ಹಾಕಿ ಕೂತ್ಕೋ. ಗ್ಲೈಕಾಲಿಸಿಸ್‌ನಲ್ಲಿ ಒಂದು ಗ್ಲೂಕೋಸಿಗೆ ಕೈಗೆ ಉಳಿಯೋ ಎಟಿಪಿ ಎಷ್ಟು?" ಗ್ಲೈಕಾಲಿಸಿಸ್ ಅಂದರೆ ಗ್ಲೂಕೋಸ್ ಒಡೆಯುವ ಮೊದಲ ಹಂತ, ಎಟಿಪಿ ಅಂದರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ಅಣು.

"ನಾಲ್ಕು."

"ಮೊದಲೇ ಖರ್ಚು ಮಾಡಿದ ಎರಡನ್ನ ಯಾರು ಕಳೀತಾರೆ? ಹೋಗ್ಲಿ, ನಾವು ಉಸಿರಾಡೋ ಆಮ್ಲಜನಕ ಕೊನೆಗೆ ಎಲ್ಲಿ ಬಳಕೆಯಾಗುತ್ತೆ?"

"ಕ್ರೆಬ್ಸ್ ಚಕ್ರದಲ್ಲಿ."

"ತಿರುಗಿ ನಿನ್ನ ಚಿತ್ರ ನೋಡು. ಅದರಲ್ಲಿ ಆಮ್ಲಜನಕ ಎಲ್ಲಿದೆ ತೋರಿಸು."

ಇರಲಿಲ್ಲ. ಮೂರು ಬಣ್ಣದಲ್ಲಿ, ನನ್ನ ಕೈಯಾರೆ ಬರೆದ ಚಿತ್ರ. ಅದರಲ್ಲಿ ಆಮ್ಲಜನಕ ಎಲ್ಲೂ ಇಲ್ಲ ಅನ್ನೋದು ಬರೆಯುವಾಗ ಕಣ್ಣಿಗೇ ಬಿದ್ದಿರಲಿಲ್ಲ. ಆಮ್ಲಜನಕ ಕಾಯುತ್ತಿರುವುದು ಮುಂದಿನ ಹಂತದಲ್ಲಿ, ಎಲೆಕ್ಟ್ರಾನ್‌ಗಳನ್ನು ಕೈಯಿಂದ ಕೈಗೆ ದಾಟಿಸುವ ಎಲೆಕ್ಟ್ರಾನ್ ಸಾಗಣೆ ಸರಪಳಿಯ ತುದಿಯಲ್ಲಿ. ಅಲ್ಲಿ ಎಲೆಕ್ಟ್ರಾನ್‌ಗಳನ್ನೂ ಪ್ರೋಟಾನ್‌ಗಳನ್ನೂ ತೆಗೆದುಕೊಂಡು ನೀರಾಗುತ್ತದೆ, ಅಷ್ಟೇ ಅದರ ಕೆಲಸ. ಅದು ನಿಂತರೆ ಹಿಂದಿನದೆಲ್ಲ ಕಟ್ಟಿಕೊಳ್ಳುತ್ತದೆ. ಸಯನೈಡ್ ಕೊಲ್ಲುವುದು ಹೀಗೇ, ಆ ಕೊನೆಯ ಕಿಣ್ವವನ್ನು ತಡೆದು.

ಅಕ್ಕನದು ಒಂದೇ ಹಟ: ಓದಬೇಡ, ಪುಸ್ತಕ ಮುಚ್ಚಿ ಹೇಳು. ರೋಡಿಗರ್, ಕಾರ್ಪಿಕೆ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಹೇಳಿದಳು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರಂತೆ. ಎರಡು ದಿನ, ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಮುಂದೆ. "ನಿನ್ನ ಪರೀಕ್ಷೆ ಐದು ನಿಮಿಷದಲ್ಲಿ ಇದ್ರೆ ಗೆರೆ ಎಳೀತಾ ಕೂತಿರು" ಅಂದಳು. ನನ್ನ ಪುಸ್ತಕದ ಕೆಲವು ಪುಟಗಳಲ್ಲಿ ಹೈಲೈಟರ್ ಬಳಿಯದೆ ಉಳಿದ ಸಾಲುಗಳೇ ಎದ್ದು ಕಾಣುತ್ತವೆ ಅನ್ನೋದನ್ನು ಅವಳಿಗೆ ಹೇಳಲಿಲ್ಲ.

ಫೋನ್ ಇಟ್ಟ ಮೇಲೆ ವೇಳಾಪಟ್ಟಿ ಮಡಚಿಟ್ಟೆ. ಉಸಿರಾಟ, ದ್ಯುತಿಸಂಶ್ಲೇಷಣೆ ಎರಡನ್ನೂ ಬೇರೆ ಬೇರೆ ಅಧ್ಯಾಯವಾಗಿ ಬಾಯಿಪಾಠ ಮಾಡಲು ಹೋಗಿ ವರ್ಷವಿಡೀ ಸೋತಿದ್ದೆ. ಯಾವುದರಲ್ಲಿ ಪ್ರೋಟಾನ್ ಒಳಗೆ, ಯಾವುದರಲ್ಲಿ ಹೊರಗೆ ಅನ್ನೋದು ಸದಾ ತಿರುಗುಮುರುಗು. ಆ ರಾತ್ರಿ ಅದನ್ನು ಬಿಡಿಸಿದ್ದು ಪುಸ್ತಕದ ಅಂಚಿನ ಚೌಕಟ್ಟಿನಲ್ಲಿದ್ದ, "ಇದು ಪರೀಕ್ಷೆಗೆ ಬರಲ್ಲ" ಅಂತ ನಾನು ಹಾರಿಸಿದ್ದ ಒಂದು ಪ್ರಯೋಗ.

ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಒಂದು ವಿಚಿತ್ರ ಮಾತು ಹೇಳಿದ್ದ: ಪೊರೆಯ ಒಂದು ಪಕ್ಕದಲ್ಲಿ ಪ್ರೋಟಾನ್‌ಗಳು ಹೆಚ್ಚಾಗಿ, ಇನ್ನೊಂದು ಪಕ್ಕದಲ್ಲಿ ಕಡಿಮೆಯಿದ್ದರೆ, ಆ ವ್ಯತ್ಯಾಸದಿಂದಲೇ ಎಟಿಪಿ ತಯಾರಾಗುತ್ತದೆ. ಬಹಳ ಜನ ಒಪ್ಪಲಿಲ್ಲ. 1966ರಲ್ಲಿ ಆಂಡ್ರೆ ಜಾಗೆನ್‌ಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ, ಎಲೆಯ ಕ್ಲೋರೋಪ್ಲಾಸ್ಟ್‌ನೊಳಗೆ ಬೆಳಕು ಹಿಡಿಯುವ ಪೊರೆಚೀಲಗಳಾದ ಥೈಲಕಾಯ್ಡ್‌ಗಳನ್ನು ಕತ್ತಲೆಯಲ್ಲಿ ಪಿಎಚ್ 4ರ ಆಮ್ಲದಲ್ಲಿ ನೆನೆಸಿಟ್ಟರು, ಒಳಗೂ ಆಮ್ಲವಾಗುವ, ಅಂದರೆ ಪ್ರೋಟಾನ್‌ಗಳು ತುಂಬುವ ತನಕ. ಆಮೇಲೆ ತಟ್ಟನೆ ಹೊರಗಿನ ದ್ರಾವಣವನ್ನು ಪಿಎಚ್ 8ಕ್ಕೆ ಏರಿಸಿ, ಎಟಿಪಿ ಕಟ್ಟುವ ಕಚ್ಚಾ ವಸ್ತುಗಳಾದ ಎಡಿಪಿ ಮತ್ತು ಫಾಸ್ಫೇಟ್ ಕೊಟ್ಟರು. ಎಟಿಪಿ ಬಂತು. ಕತ್ತಲೆಯಲ್ಲಿ! ಬೆಳಕಿನ ಒಂದು ಕಿರಣವೂ ಇಲ್ಲದೆ.

ಇದನ್ನು ಓದಿ ನಾನು ಎದ್ದು ನಿಂತೆ, ನಿಜವಾಗಿ. ಹಾಗಾದರೆ ಹೆಚ್ಚಿನ ಎಟಿಪಿಯನ್ನು ಬೆಳಕಾಗಲಿ, ಆಹಾರವಾಗಲಿ ನೇರವಾಗಿ ಕಟ್ಟುತ್ತಿಲ್ಲ. ಎರಡೂ ಕಡೆ ಎಲೆಕ್ಟ್ರಾನ್‌ಗಳ ಶಕ್ತಿ ಪ್ರೋಟಾನ್‌ಗಳನ್ನು ಒಂದು ಪಕ್ಕಕ್ಕೆ ಪೇರಿಸುತ್ತದೆ. ಮೈಟೊಕಾಂಡ್ರಿಯಾದಲ್ಲಿ ಎರಡು ಪೊರೆಗಳ ನಡುವೆ, ಕ್ಲೋರೋಪ್ಲಾಸ್ಟ್‌ನಲ್ಲಿ ಥೈಲಕಾಯ್ಡ್‌ನ ಒಳಗೆ. ಅವು ಮರಳಿ ಬರುವ ದಾರಿಯಲ್ಲಿ ಎಟಿಪಿ ಕಟ್ಟುವ ಕಿಣ್ವ, ಎಟಿಪಿ ಸಿಂಥೇಸ್, ತಿರುಗುತ್ತದೆ. ಎರಡು ಅಧ್ಯಾಯ ಅಂತ ಅಂದುಕೊಂಡಿದ್ದು ಒಂದೇ ಆಗಿತ್ತು. ಮಿಚೆಲ್‌ಗೆ 1978ರಲ್ಲಿ ನೊಬೆಲ್ ಸಿಕ್ಕಿತು. ನನಗೆ ಹನ್ನೆರಡು ಗಂಟೆ ದಾಟಿ ಹತ್ತು ನಿಮಿಷಕ್ಕೆ ಅರ್ಥವಾಯಿತು.

ಆಮೇಲೆ ಹಳೆಯ ಪ್ರಶ್ನೆಪತ್ರಿಕೆ. ಹಾರ್ಡಿ-ವೈನ್‌ಬರ್ಗ್ ಲೆಕ್ಕ, ಅಂದರೆ ಜನಸಮೂಹದಲ್ಲಿ ಒಂದು ಜೀನಿನ ಎರಡು ರೂಪ ಎಷ್ಟೆಷ್ಟಿವೆ ಅನ್ನೋದು, ಪ್ರಬಲದ್ದು ಪಿ, ಅಪ್ರಬಲದ್ದು ಕ್ಯೂ: ನೂರರಲ್ಲಿ ಒಂಬತ್ತು ಜನಕ್ಕೆ ಒಂದು ಅಪ್ರಬಲ ಲಕ್ಷಣ ಇದೆ, ಲಕ್ಷಣ ಕಾಣದಿದ್ದರೂ ಆ ಜೀನನ್ನು ಹೊತ್ತ ವಾಹಕರೆಷ್ಟು? ನಾನು ಕ್ಯೂ ಅಂದರೆ 0.09, ಪಿ ಅಂದರೆ 0.91 ಅಂತ ಹಿಡಿದು ಶೇಕಡಾ 16 ಅಂತ ಬರೆದೆ. ಉತ್ತರ ಶೇಕಡಾ 42. ಕಣ್ಣಿಗೆ ಕಾಣುವ ಒಂಬತ್ತು ಜನ ಕ್ಯೂ ಅಲ್ಲ, ಅಪ್ಪ ಅಮ್ಮ ಇಬ್ಬರಿಂದಲೂ ಅದೇ ರೂಪ ಬಂದವರು, ಅಂದರೆ ಕ್ಯೂ ವರ್ಗ. ವರ್ಗಮೂಲ ತೆಗೆದರೆ 0.3, ಪಿ 0.7, ಎರಡರ ಗುಣಲಬ್ಧದ ಎರಡು ಪಟ್ಟು 0.42. ಇದೇ ತಪ್ಪನ್ನು ಮುಂದಿನ ಲೆಕ್ಕದಲ್ಲೂ ಮಾಡಿದೆ. ಮೂರನೆಯದರಲ್ಲಿ, ಪ್ರಶ್ನೆ ಓದುವ ಮೊದಲೇ ಅಂಚಿನಲ್ಲಿ "ಮೊದಲು ವರ್ಗಮೂಲ" ಅಂತ ಬರೆದುಕೊಂಡೆ.

ನಿರೀಕ್ಷೆಗೂ ಎಣಿಕೆಗೂ ಇರುವ ವ್ಯತ್ಯಾಸ ಬರೀ ಆಕಸ್ಮಿಕವೇ ಅಂತ ನೋಡುವ ಕೈ-ವರ್ಗದ (chi-square) ಲೆಕ್ಕ ಒಂದು ಮಾಡಿದೆ, ಅದರ ಗಡಿ 3.84 ಅನ್ನುವ ಸಂಖ್ಯೆ ನೆನಪಿಟ್ಟೆ. ಸಸ್ಯ ಹಾರ್ಮೋನು, ಪರಿಸರ ವಿಜ್ಞಾನ, ರೋಗನಿರೋಧಕ ವ್ಯವಸ್ಥೆ ಮೂರನ್ನೂ ಬಿಟ್ಟುಕೊಟ್ಟೆ. ಒಂದೂವರೆಗೆ ದೀಪ ಆರಿಸುವಾಗ ಅಪರಾಧಿ ಭಾವ ಇತ್ತು. ಅಮ್ಮ ಮಾತ್ರ ಬಾಗಿಲಲ್ಲಿ ನಿಂತು "ಅಂತೂ" ಅಂದು ಹೋದಳು.

ಬೆಳಿಗ್ಗೆ ಪ್ರಶ್ನೆಪತ್ರಿಕೆಯ ದೊಡ್ಡ ಪ್ರಶ್ನೆಯಲ್ಲಿ ಒಂದು ಗ್ರಾಫ್. ಮೈಟೊಕಾಂಡ್ರಿಯಾಗಳಿಗೆ ಏನೋ ರಾಸಾಯನಿಕ ಹಾಕಿದ್ದಾರೆ. ಆಮ್ಲಜನಕದ ಬಳಕೆ ಏರಿದೆ, ಎಟಿಪಿ ಕುಸಿದಿದೆ. ಕಾರಣ ವಿವರಿಸಿ. ಹಿಂದಿನ ಸಂಜೆ ಆಗಿದ್ದರೆ ಹಾಳೆ ನೋಡುತ್ತಾ ಕೂತಿರುತ್ತಿದ್ದೆ. ಪೊರೆ ಪ್ರೋಟಾನ್‌ಗಳಿಗೆ ಸೋರುವಂತಾಗಿದೆ, ಅವು ಸಿಂಥೇಸ್ ಬಿಟ್ಟು ಬೇರೆ ದಾರಿಯಲ್ಲಿ ಮರಳುತ್ತಿವೆ, ಒತ್ತಡ ಇಲ್ಲದ ಕಾರಣ ಸರಪಳಿ ಇನ್ನೂ ವೇಗವಾಗಿ ಓಡಿ ಆಮ್ಲಜನಕ ಮುಗಿಸುತ್ತಿದೆ, ಶಕ್ತಿ ಬಿಸಿಯಾಗಿ ಹೋಗುತ್ತಿದೆ. ಇಷ್ಟನ್ನು ಬರೆಯುವಾಗ ಕೈ ಓಡುತ್ತಿತ್ತು. ಸಸ್ಯ ಹಾರ್ಮೋನಿನದು ಎರಡು ಪ್ರಶ್ನೆ ಇದ್ದವು. ಒಂದಕ್ಕೆ ಆಕ್ಸಿನ್ ಅಂತ ಬರೆದೆ. ಇನ್ನೊಂದಕ್ಕೂ ಆಕ್ಸಿನ್ ಅಂತಲೇ ಬರೆದೆ.

ಹೊರಗೆ ಬಂದಾಗ ಗೆಳೆಯ "ವಾಹಕರದ್ದು ತುಂಬ ಸುಲಭ ಇತ್ತಲ್ಲೋ, ನೇರವಾಗಿ ಹಾಕಿಬಿಟ್ಟೆ" ಅಂದ. ನಾನು ವರ್ಗಮೂಲದ ಮಾತು ಎತ್ತಲಿಲ್ಲ. ಅವನಿಗೆ ಮಧ್ಯಾಹ್ನ ಇನ್ನೊಂದು ಪರೀಕ್ಷೆ ಇತ್ತು.

ಅಕ್ಕ ಸಂಜೆ ಕೇಳಿದ್ದು ಒಂದೇ: "ಕ್ರೆಬ್ಸ್ ಬಂತಾ?" ಒಂದು ಹೆಸರನ್ನೂ ಕೇಳಿರಲಿಲ್ಲ. ಚಿತ್ರ ಇನ್ನೂ ಗೋಡೆಯ ಮೇಲಿದೆ. ನಿನ್ನೆ ಸುಮ್ಮನೆ ಮಲಗಿಕೊಂಡು ನೋಡುತ್ತಿದ್ದಾಗ ಗೊತ್ತಾಯಿತು, ಮ್ಯಾಲೇಟ್ ಅಂತ ಎರಡು ಕಡೆ ಬರೆದಿದ್ದೇನೆ, ಫ್ಯೂಮರೇಟ್ ಇಲ್ಲವೇ ಇಲ್ಲ.