ಬಾದಾಮಿಗೆ ಹೊರಟವರು ಕಲಾದಗಿಯಲ್ಲೊಮ್ಮೆ ಇಳಿಯಿರಿ

ಬಿರುಕು ನೋಡಲು ಹೋಗಿ ಬಯಲು ನೋಡಿಕೊಂಡು ಬಂದೆ. ಅಕ್ಕನ ಮಗ ಭೂವಿಜ್ಞಾನದಲ್ಲಿ ಎಂಎಸ್ಸಿ ಓದುತ್ತಿದ್ದಾನೆ. "ಮಾಮಾ, ನಮ್ಮ ಕಲಾದಗಿ ಕಡೆ ಒಂದ್ ಕಾಲಕ್ಕ ನೆಲ ಅರಿವಿ ಹರಿದಂಗ ಹರಿಯಾಕ ಹತ್ತಿತ್ತು, ಅರ್ಧಕ್ಕ ನಿಂತೈತಿ, ತೋರಸ್ತೇನಿ ಬಾ" ಅಂದ. ನೆಲ ಹರಿದು ಆದ ಕೀನ್ಯಾದ ದೊಡ್ಡ ಕಣಿವೆಯ ಫೋಟೊ ತಲೆಯಲ್ಲಿಟ್ಟುಕೊಂಡು ಹೊರಟೆ.

ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ, ಕಲಾದಗಿ ಮೇಲೆ ಬಾಗಲಕೋಟೆ ಬಸ್ಸು. ಹಿಂದಿನ ಸೀಟೇ ಗತಿ ಅಂತಾದರೆ ಮುಂದಿನ ಬಸ್ಸಿಗೆ ಕಾಯಿರಿ. ನಾನು ಕಾಯಲಿಲ್ಲ. ಯರಗಟ್ಟಿ ಬರುವಷ್ಟರಲ್ಲಿ ಸೊಂಟ ಹೋಗಿತ್ತು, ತೊಡೆಯ ಮೇಲೆ ಯಾರದೋ ಗೊಬ್ಬರದ ಚೀಲ ಬೇರೆ.

ಕಲಾದಗಿಯಲ್ಲಿ ಕಣಿವೆಯೂ ಇಲ್ಲ, ಕಂದಕವೂ ಇಲ್ಲ. ಚಿಕ್ಕು, ದಾಳಿಂಬೆ ತೋಟ, ಬಿಸಿಲು. ರೇಗಿತು. ಆಗ ಹುಡುಗ ಒಂದು ಹೊಲದ ಒಡ್ಡಿನ ಕಲ್ಲಿಗೆ ಬಾಟಲಿಯ ನೀರು ಸುರಿದು ಒರೆಸಿದ. ಎಲೆಕೋಸು ಅಡ್ಡ ಕೊಯ್ದಂತೆ ಸುರುಳಿ ಸುರುಳಿ ಗೆರೆ! ಸ್ಟ್ರೊಮ್ಯಾಟೊಲೈಟ್ ಅಂತೆ. ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ್ದು. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರವಿತ್ತು. ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗಳು ಇವತ್ತು ಅರೆಯುವುದು ಅದು ಬಿಟ್ಟುಹೋದ ಸುಣ್ಣದ ಕಲ್ಲನ್ನೇ. ಬ್ರಿಟಿಷ್ ಭೂವಿಜ್ಞಾನಿ ಬ್ರೂಸ್ ಫೂಟ್ 1876ರಲ್ಲೇ ಈ ಶಿಲೆಗಳ ಬಗ್ಗೆ ಬರೆದಿದ್ದ.

ಬಾದಾಮಿಯ ಲಾಡ್ಜಿನಲ್ಲಿ "ಕೆರೆ ಕಾಣುವ ಕೋಣೆ" ಅಂತ ಹೆಚ್ಚು ದುಡ್ಡು ತೆಗೆದುಕೊಂಡರು. ಕಿಟಕಿ ತೆಗೆದರೆ ಪಕ್ಕದ ಮನೆಯ ಪ್ಲಾಸ್ಟಿಕ್ ಟ್ಯಾಂಕು. ಹಣ ಕೊಡುವ ಮುಂಚೆ ಕಿಟಕಿ ತೆಗೆಸಿ ನೋಡಿ.

ಗುಹೆಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಜನವೋ ಜನ, ಹೊರಗೆ ಮಂಗಗಳ ಕಾಟ, ನನಗೆ ಹತ್ತು ನಿಮಿಷ ಸಾಕಾಯಿತು. ಆದರೆ ಬಂಡೆ ನೋಡದೆ ಬರಬೇಡಿ. ಕಲ್ಲಿನೊಳಗಿನ ಓರೆ ಗೆರೆಗಳು ಹಳೆಯ ಹೊಳೆ ಉಸುಕು ತಂದು ಹರವಿದ ಗುರುತು. ಈ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರೇ ಕೇವ್ ಟೆಂಪಲ್ ಆರೆನೈಟ್, ಅಂದರೆ ಗುಹಾಲಯದ ಉಸುಕುಗಲ್ಲು. ಕಲಾದಗಿ ಕಡೆಯ ಹಳೆಯ ಪದರಗಳು ಮಡಚಿಕೊಂಡು ವಾಲಿವೆ, ಎಷ್ಟೋ ಕಾಲದ ನಂತರ ಬಂದ ಬಾದಾಮಿಯ ಕೆಂಪು ಕಲ್ಲು ಮಾತ್ರ ಹೆಚ್ಚುಕಡಿಮೆ ಮಟ್ಟಸವಾಗಿ ಕೂತಿದೆ.

ಇಷ್ಟಾದರೂ ನೆಲ ಹರಿಯುವುದು ಹೇಗೆ ಅನ್ನೋದು ನನಗೆ ತಿಳಿದದ್ದು ಬಾದಾಮಿ ಹತ್ತಿರದ ಬನಶಂಕರಿಯಲ್ಲಿ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಅಜ್ಜಿಯರಿದ್ದಾರಲ್ಲ, ಅಲ್ಲೇ ಊಟ ಮಾಡಿ. ಕಟಿ ರೊಟ್ಟಿ, ಮಡಕೆ ಕಾಳಿನ ಪಲ್ಯ, ಕಣ್ಣಲ್ಲಿ ನೀರು ಬರಿಸುವ ಕೆಂಪು ಚಟ್ನಿ, ಗುದ್ದಿ ಒಡೆದ ಉಳ್ಳಾಗಡ್ಡಿ, ಕುಡಿಕೆಯಲ್ಲಿ ಗಟ್ಟಿ ಮೊಸರು. ಆ ಮೊಸರಿಗಾಗಿ ಇನ್ನೊಮ್ಮೆ ಆ ಹಿಂದಿನ ಸೀಟಿನಲ್ಲಿ ಕೂರಲೂ ಸಿದ್ಧ.

ಹುಡುಗ ರೊಟ್ಟಿ ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಲಟ್ಟನೆ ಮುರಿಯಿತು. "ಭೂಮಿಯ ಮೇಲಿನ ತಣ್ಣನ ಪದರ ಹಿಂಗ. ಕೆಳಗಿಂದು ಎಸರು ಹಾಕಿ ನಾದಿದ ಹಿಟ್ಟಿನಂಗ, ಜಗ್ಗಿದ್ರ ತೆಳ್ಳಗಾಗ್ತೈತಿ." ಮೇಲೆ ಒಡೆದ ತುಂಡುಗಳ ನಡುವಿನ ಪಟ್ಟಿ ಕುಸಿದು ತಗ್ಗಾಗುತ್ತದೆ. ಹೊಳೆಗಳು ಅದನ್ನು ತುಂಬುತ್ತವೆ. ಪೂರ್ವ ಆಫ್ರಿಕಾ ಈಗ ಆ ಹಂತದಲ್ಲಿದೆ, ವರ್ಷಕ್ಕೆ ಕೆಲವೇ ಮಿಲಿಮೀಟರ್ ಅಗಲವಾಗುತ್ತಿದೆ. ಆದರೆ 2005ರಲ್ಲಿ ಇಥಿಯೋಪಿಯಾದ ಅಫಾರ್‌ನಲ್ಲಿ ಸುಮಾರು 60 ಕಿ.ಮೀ. ಉದ್ದಕ್ಕೆ ಶಿಲಾರಸ ನುಗ್ಗಿ, ಕೆಲವೇ ವಾರಗಳಲ್ಲಿ ನೆಲ ಮೀಟರ್‌ಗಟ್ಟಲೆ ಸರಿಯಿತು. ಜಗ್ಗಾಟ ನಿಲ್ಲದಿದ್ದರೆ ಕೊನೆಗೆ ಕೆಂಪು ಸಮುದ್ರದಂತೆ ನಡುವೆ ಹೊಸ ಸಾಗರತಳ ಹುಟ್ಟುತ್ತದೆ. ಕಲಾದಗಿಯಲ್ಲಿ ಜಗ್ಗಾಟ ಅಲ್ಲಿಯವರೆಗೆ ಹೋಗಲಿಲ್ಲ. ತಗ್ಗಿಗೆ ಆ ಆಳವಿಲ್ಲದ ಸಮುದ್ರ ಬಂದು ಹೋಯಿತು, ತಗ್ಗು ತುಂಬಿಕೊಂಡಿತು, ಅಷ್ಟೇ.

ಅಜ್ಜಿ ಎಲ್ಲ ಕೇಳಿಸಿಕೊಂಡು, "ನೆಲಕ್ಕ ಎಸರು ಹಾಕಾವ್ರು ಯಾರಪಾ?" ಅಂದಳು. ಆಮೇಲೆ ಮುರಿದ ರೊಟ್ಟಿಯನ್ನೂ ಲೆಕ್ಕಕ್ಕೆ ಹಿಡಿದಳು. ಮಧ್ಯಾಹ್ನ ಎರಡರೊಳಗೆ ಹೋಗಿ, ತಡವಾದರೆ ಮೊಸರು ಸಿಗಲ್ಲ.