ಸಿಟಿ ಸ್ಕ್ಯಾನ್ ಸುರಂಗದಲ್ಲಿ ಎಷ್ಟು ಹೊತ್ತು ಮಲಗಬೇಕು?

ನಾನು ಆಸ್ಪತ್ರೆಯಲ್ಲಿ ಸಿಟಿ ಟೆಕ್ನಿಷಿಯನ್. ಇದು ಗೊತ್ತಾದ ಕೂಡಲೇ ನೆಂಟರಿಂದ ಹಿಡಿದು ಹಾಲು ಹಾಕುವವರ ತನಕ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಆ ಸುರಂಗದೊಳಗೆ ಎಷ್ಟು ಹೊತ್ತು ಮಲಗಬೇಕಪ್ಪಾ?"

ಸುರಂಗವೇ ಇಲ್ಲ. ನೀವು ಹೇಳುತ್ತಿರುವುದು ಎಂಆರ್‌ಐ. ಅದು ಉದ್ದನೆಯ ಕೊಳವೆ, ಒಳಗೆ ಡಬಡಬ ಸದ್ದು, ಅರ್ಧ ಗಂಟೆಯ ಕೆಲಸ. ಸಿಟಿ ಮೆಷಿನ್ ನೋಡಲು ನಿಲ್ಲಿಸಿಟ್ಟ ದೊಡ್ಡ ಉದ್ದಿನವಡೆಯ ಹಾಗೆ. ನಡುವಿನ ತೂತು ಸುಮಾರು 70 ಸೆಂಟಿಮೀಟರ್. ನೀವು ಮಲಗಿದ ಟೇಬಲ್ ಅದರೊಳಗೆ ಹೋಗಿ ಬರುತ್ತದೆ. ವಡೆಯೊಳಗೆ ಎಕ್ಸ್‌ರೇ ಟ್ಯೂಬ್ ಗಿರಗಿರ ಸುತ್ತುತ್ತದೆ, ನಿಮಗೆ ಕೇಳುವುದು ಫ್ಯಾನ್ ಜೋರಾಗಿ ತಿರುಗಿದಂಥ ಸದ್ದು ಅಷ್ಟೇ. 1971ರಲ್ಲಿ ಲಂಡನ್ನಿನಲ್ಲಿ, ಸಿಟಿ ಕಂಡುಹಿಡಿದ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಮೆಷಿನ್ ಮೊದಲ ರೋಗಿಯ ತಲೆಯ ಚಿತ್ರ ತೆಗೆದಾಗ ಒಂದೊಂದು ಪದರಕ್ಕೂ ನಿಮಿಷಗಟ್ಟಲೆ ಹಿಡಿದಿತ್ತು. ಈಗ ಇಡೀ ಹೊಟ್ಟೆಗೆ ಹತ್ತಿಪ್ಪತ್ತು ಸೆಕೆಂಡು ಸಾಕು.

ಹಾಗಾದರೆ ಬೆಳಿಗ್ಗೆ ಹೋದವರು ಮಧ್ಯಾಹ್ನ ಯಾಕೆ ಹೊರಗೆ ಬರುತ್ತಾರೆ? ತಯಾರಿಗೇ ಹೊತ್ತು ಜಾಸ್ತಿ. ಡೈ ಇಲ್ಲದ ಪ್ಲೇನ್ ಸ್ಕ್ಯಾನ್ ಆದರೆ ಸರ, ಓಲೆ, ಹೇರ್‌ಪಿನ್ ತೆಗೆದಿಟ್ಟು ಮಲಗಿದರೆ ಮುಗಿಯಿತು. ಡೈ, ಅಂದರೆ ಒಳಗಿನದು ಚಿತ್ರದಲ್ಲಿ ಎದ್ದು ಕಾಣಲು ರಕ್ತಕ್ಕೆ ಬಿಡುವ ಔಷಧಿ, ಹಾಕುವ ಸ್ಕ್ಯಾನ್ ಆದರೆ ಮೊದಲು ಕ್ರಿಯಾಟಿನಿನ್ ರಿಪೋರ್ಟ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ನೋಡುತ್ತೇವೆ, ಡೈ ಹೊರಗೆ ಹೋಗುವುದು ಕಿಡ್ನಿಯಿಂದಲೇ ಅಲ್ವಾ. ಹೊಟ್ಟೆಯ ಸ್ಕ್ಯಾನಿಗೆ ಕೆಲವರಿಗೆ ಒಂದು ಗಂಟೆಯಲ್ಲಿ ಲೀಟರುಗಟ್ಟಲೆ ನೀರು ಕುಡಿಸುತ್ತೇವೆ. ನಮ್ಮಲ್ಲಿ 4 ಗಂಟೆ ಖಾಲಿ ಹೊಟ್ಟೆ ಎನ್ನುತ್ತೇವೆ. "ಏನೂ ತಿಂದಿಲ್ಲ ಸರ್, ಬರೀ ಕಾಫಿ, ಎರಡು ಬನ್ನು" ಎನ್ನುವವರು ದಿನಕ್ಕೊಬ್ಬರಾದರೂ ಸಿಗುತ್ತಾರೆ. ಬಿಪಿ ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ಬಿಡಬೇಡಿ. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ, ಹಿಂದೆ ಯಾವಾಗಲಾದರೂ ಡೈ ಹಾಕಿದಾಗ ಮೈ ತುರಿಸಿದ್ದರೆ, ನಾವು ಕೇಳುವ ಮೊದಲೇ ಹೇಳಿಬಿಡಿ.

ಡೈ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಅಯೋಡಿನ್ ಇರುವ, ನೀರಿನಂತೆ ಕಾಣುವ ಔಷಧಿ. ಕೈಯ ನರಕ್ಕೆ ಹಾಕಿದ ಸಣ್ಣ ಕೊಳವೆಗೆ (ಕ್ಯಾನುಲಾ) ಪೈಪು ಜೋಡಿಸಿ ಮೆಷಿನ್ನಿಂದಲೇ ರಭಸವಾಗಿ ಬಿಡುತ್ತೇವೆ. ಗಂಟಲಲ್ಲಿ ಬಿಸಿ ಏರುತ್ತದೆ, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಆಮೇಲೆ ಬಿಸಿ ಕೆಳಗಿಳಿದು ಉಚ್ಚೆ ಹೋದ ಹಾಗೇ ಅನಿಸುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಇದನ್ನು ಹೇಳುತ್ತಿರಲಿಲ್ಲ. ಒಂದು ದಿನ ಸ್ಕ್ಯಾನ್ ಮುಗಿದರೂ ಒಬ್ಬ ಅಜ್ಜಿ ಟೇಬಲ್ ಬಿಟ್ಟು ಏಳಲಿಲ್ಲ. ಹತ್ತಿರ ಹೋದರೆ ಕಣ್ಣಲ್ಲಿ ನೀರು. "ಸೀರೆ ಒದ್ದೆ ಮಾಡಿಕೊಂಡೆ ಮಗಾ, ಹೊರಗೆ ಅಳಿಯಂದಿರು ಇದ್ದಾರೆ" ಎಂದರು. ಅವರ ಕೈಯನ್ನೇ ಹಿಡಿದು ಹಾಸಿದ ಬಟ್ಟೆಯ ಮೇಲೆ ಇಟ್ಟೆ. ಒಣಗಿತ್ತು. ಎರಡೆರಡು ಸಲ ಸವರಿ ನೋಡಿದ ಮೇಲೆ ಎದ್ದರು. ಅವತ್ತಿಂದ ಸೂಜಿ ಚುಚ್ಚುವ ಮೊದಲೇ ಎಲ್ಲರಿಗೂ ಹೇಳುತ್ತೇನೆ, ಗಂಡಸರಿಗೂ.

ಇನ್ನೊಂದು ವಿಷಯ, ಸ್ಕ್ಯಾನ್ ಆಗುವಾಗ ಉಸಿರು ಹಿಡಿಯುವುದು. ಮೆಷಿನ್ನಿನ ರೆಕಾರ್ಡೆಡ್ ದನಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳಿದರೆ ನಮ್ಮ ಹಳ್ಳಿಯವರಿಗೆ ಏನು ಅರ್ಥವಾಗಬೇಕು? ನನ್ನ ದನಿಯಲ್ಲೇ ಕನ್ನಡದಲ್ಲಿ ರೆಕಾರ್ಡ್ ಮಾಡಿಟ್ಟೆ. "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ." ಒಬ್ಬ ತಾತ "ಆಯ್ತಪ್ಪಾ, ಹಿಡ್ಕೊಂಡೆ" ಎಂದು ಉತ್ತರ ಕೊಟ್ಟರು! ಚಿತ್ರ ಅಲುಗಾಡಿ ಮತ್ತೆ ತೆಗೆಯಬೇಕಾಯಿತು. ದಯವಿಟ್ಟು ಆ ದನಿಗೆ ಮರುಮಾತು ಬೇಡ.

ಕಿರಣ ಮೈಯಲ್ಲಿ ಉಳಿಯುತ್ತದಾ? ಇಲ್ಲ, ಲೈಟ್ ಆರಿಸಿದ ಮೇಲೆ ಬೆಳಕು ಉಳಿಯದ ಹಾಗೆ. ಆದರೆ ಲೆಕ್ಕ ಸಣ್ಣದಲ್ಲ. ಎದೆಯ ಒಂದು ಎಕ್ಸ್‌ರೇಗೆ 0.1 ಮಿಲಿಸೀವರ್ಟ್ (ಮೈಗೆ ಬೀಳುವ ಕಿರಣದ ಅಳತೆ), ಹೊಟ್ಟೆಯ ಸಿಟಿಗೆ ಸುಮಾರು 8. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಹೇಗೂ ಬೀಳುತ್ತದೆ. ಡಾಕ್ಟರು ಬೇಕೆಂದಾಗ ಹೆದರದೆ ಮಾಡಿಸಿ. "ಸುಮ್ನೆ ಒಂದ್ಸಲ ಫುಲ್ ಬಾಡಿ ನೋಡಿಬಿಡಿ" ಎನ್ನುವವರನ್ನು ನಾನಂತೂ ವಾಪಸ್ ಕಳಿಸುತ್ತೇನೆ. ಬಸುರಿ ಇರಬಹುದೇ ಎಂದು ಹೆಣ್ಣುಮಕ್ಕಳನ್ನು ಕೇಳಲೇಬೇಕು. ಅತ್ತೆ ಪಕ್ಕದಲ್ಲಿದ್ದರೆ ಮೊದಲು ಅವರನ್ನು ಹೊರಗೆ ಕೂರಿಸಿ ಕೇಳುತ್ತೇವೆ.

ಡೈ ಹಾಕಿಸಿಕೊಂಡವರು ಅರ್ಧ ಗಂಟೆ ಅಲ್ಲೇ ಕೂತಿರಿ. ಮೈ ಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ಆಗಲೇ ಕೂಗಿ. ಮನೆಗೆ ಹೋಗಿ ಚೆನ್ನಾಗಿ ನೀರು ಕುಡಿಯಿರಿ.

ಕೊನೆಗೆ ಎಲ್ಲರೂ ಬಾಗಿಲಲ್ಲಿ ನಿಂತು ಕೇಳುತ್ತಾರೆ, "ಏನಿದೆ ಸರ್, ನೀವೇ ಹೇಳಿ." ನಾನು ಚಿತ್ರ ತೆಗೆಯುವವನು. ಓದಿ ರಿಪೋರ್ಟ್ ಬರೆಯುವವರು ರೇಡಿಯಾಲಜಿಸ್ಟ್. ಹೇಳಲ್ಲ ಅಂದರೆ ನನ್ನ ಮುಖ ಓದಲು ನೋಡುತ್ತಾರೆ. ನನ್ನ ಮುಖ ಸಪ್ಪಗಿದ್ದರೆ ಇನ್ನೂ ಊಟ ಆಗಿಲ್ಲ ಅಂದುಕೊಳ್ಳಿ.