ಮೊದಲು ಹೀರೆ ನಾರು, ಆಮೇಲೆ ಎಣ್ಣೆ

ಮಾಗಿ ಚಳಿ ಶುರುವಾಯಿತೆಂದರೆ ನಮ್ಮ ಸಕಲೇಶಪುರದ ಕಡೆ ಅರೇಬಿಕಾ ಕುಯ್ಲೂ ಮೈ ಒಡೆಯುವುದೂ ಒಟ್ಟೊಟ್ಟಿಗೆ ಬರುತ್ತವೆ. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ಗಿಡಗಳ ಮಧ್ಯೆ ನಿಂತು ಹಣ್ಣು ಕುಯ್ಯಬೇಕು. ಮಧ್ಯಾಹ್ನ ಕಣದ ಬಿಸಿಲಲ್ಲಿ ಕಾಫಿ ಹರಡಬೇಕು. ಸಂಜೆ ತೂಕ ಮುಗಿಸಿ ಚೀಲ ಸಾಗಿಸುವ ಹೊತ್ತಿಗೆ ಮೊಣಕಾಲ ಕೆಳಗೆ ಉಗುರಲ್ಲಿ ಗೀಚಿದರೆ ಬಿಳಿ ಗೆರೆ ಮೂಡುತ್ತದೆ. ಅಂಗಡಿಯ ಕ್ರೀಮ್ ಹಚ್ಚಿಕೊಂಡರೆ ಒಂದು ರಾತ್ರಿ ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಹೆಗಲು, ಸೊಂಟಕ್ಕೆ ಕ್ರೀಮ್ ಏನು ಮಾಡೀತು? ಅದಕ್ಕೆ ಎಣ್ಣೆ ನೀರೇ ಆಗಬೇಕು.

ಈ ಸಲ ಕುಯ್ಲಿನ ಮಧ್ಯೆ ಸ್ವಲ್ಪ ಬಿಡುವು ಸಿಕ್ಕಿತು. ಶುಕ್ರವಾರ ನೋಡಿಕೊಂಡು ಬೇಲೂರು ಹತ್ತಿರದ ಹಳ್ಳಿಯಲ್ಲಿರುವ ಸೋದರತ್ತೆ ಮನೆಗೆ ಹೋದೆ. ನಮ್ಮಲ್ಲಿ ಹೆಂಗಸರ ಎಣ್ಣೆ ನೀರಿಗೆ ಶುಕ್ರವಾರ, ಗಂಡಸರಿಗೆ ಶನಿವಾರ. ಅತ್ತೆಗೆ ಎಪ್ಪತ್ತು ದಾಟಿದೆ. ಸುತ್ತಲಿನ ಊರುಗಳಲ್ಲಿ ಬಾಣಂತಿಯರಿಗೆ, ಕೂಸುಗಳಿಗೆ ಎರೆದ ಕೈ ಅದು. ಈಗಲೂ ಹೆರಿಗೆಯಾದ ಮನೆಯಿಂದ ಅವರಿಗೆ ಕರೆ ಬರುತ್ತದೆ.

ಅತ್ತೆಯ ಎಣ್ಣೆ ನೀರು ಎಣ್ಣೆಯಿಂದ ಶುರುವಾಗುವುದಿಲ್ಲ. ಮೊದಲು ಒಣ ಮೈಯನ್ನೇ ಉಜ್ಜುತ್ತಾರೆ. ಅದಕ್ಕೆ ತುಪ್ಪದ ಹೀರೆಕಾಯಿಯ ನಾರು. ಬಳ್ಳಿಯಲ್ಲೇ ಬಲಿತು ಒಣಗಿದ ಕಾಯಿ ಕಿತ್ತು, ಸಿಪ್ಪೆ ಬಿಡಿಸಿ, ಬೀಜ ಕೊಡವಿ, ನೀರಲ್ಲಿ ನೆನೆಸಿ, ಮತ್ತೆ ಒಣಗಿಸಿ ಇಟ್ಟಿರುತ್ತಾರೆ. ಹೊಸ ನಾರು ಕೈಗೇ ಚುಚ್ಚುತ್ತದೆ. ನನಗೆ ಅಂತ ಹುಡುಕಿ ತಂದದ್ದು ಬಳಸಿ ಬಳಸಿ ಮೆತ್ತಗಾದ ಹಳೇ ನಾರು.

ಹಿತ್ತಲಿನ ಎಳೆ ಬಿಸಿಲಿಗೆ ಮಣೆ ಹಾಕಿ ಕೂರಿಸಿದರು. ಪಾದದಿಂದ ಶುರು. ಹಿಮ್ಮಡಿಯಿಂದ ಮೊಣಕಾಲಿಗೆ, ಅಲ್ಲಿಂದ ತೊಡೆಗೆ, ಬೆರಳ ತುದಿಯಿಂದ ಹೆಗಲಿಗೆ. ಎಲ್ಲವೂ ಕೆಳಗಿನಿಂದ ಮೇಲಕ್ಕೆ. ಮಂಡಿ, ಮೊಣಕೈ ಬಂದಾಗ ಮಾತ್ರ ಸುತ್ತ ತಿರುಗಿಸುತ್ತಾರೆ. ಹೊಟ್ಟೆಯ ಮೇಲೆ ಬರೀ ಸವರುತ್ತಾರೆ. ಸರ್ ಸರ್ ಅಂತ ಸದ್ದು. ಸ್ವಲ್ಪ ಹೊತ್ತಿಗೆ ಅತ್ತೆಯ ಕಡುನೀಲಿ ಸೀರೆಯ ಮಡಿಲಲ್ಲಿ ಬಿಳಿ ಹೊಟ್ಟು ಉದುರಿತ್ತು. ನನ್ನ ಕಾಲು ತೆಳ್ಳಗೆ ಕೆಂಪಾಗಿ ಬೆಚ್ಚಗಾಗಿತ್ತು.

"ಸಾಕು. ಇನ್ನೂ ಉಜ್ಜಿದ್ರೆ ಉರಿ ಹತ್ತುತ್ತೆ," ಅಂತ ನಿಲ್ಲಿಸಿದರು.

ಅತ್ತೆಯ ಮೊಮ್ಮಗಳು ಹಾಸನದಲ್ಲಿ ಆಯುರ್ವೇದ ಓದುತ್ತಿದ್ದಾಳೆ, ತಣ್ಣೀರುಹಳ್ಳದ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಲ್ಲಿ. ಹಾಸ್ಟೆಲಿಂದ ಬಂದಿದ್ದಳು. ಜಗಲಿ ಅಂಚಲ್ಲಿ ಕೂತು ಎಲ್ಲ ನೋಡುತ್ತಿದ್ದವಳು ಹೇಳಿದಳು: "ಇದಕ್ಕೆ ಘರ್ಷಣ ಅಂತಾರೆ ಅಜ್ಜಿ. ಕಚ್ಚಾ ರೇಷ್ಮೆಯ ಕೈಗವಸು ಹಾಕ್ಕೊಂಡು ಉಜ್ಜೋರೂ ಇದ್ದಾರೆ. ಪುಡಿ ಹಾಕಿ ಉಜ್ಜಿದ್ರೆ ಉದ್ವರ್ತನ. ಹುರುಳಿ ಹಿಟ್ಟು, ತ್ರಿಫಲಾ ಪುಡಿ ಎಲ್ಲ ಬಳಸ್ತಾರೆ."

"ಹುರುಳಿ ಹಿಟ್ಟಾ?" ಅತ್ತೆ ನನ್ನ ಕಾಲು ತೋರಿಸಿದರು. "ಈ ಒಣಕಲು ಮೈಗೆ ಹುರುಳಿ ಉಜ್ಜಿದ್ರೆ ಇನ್ನೂ ಬಿರಿಯುತ್ತೆ ಕಣೆ."

"ಅದೇ ಅಜ್ಜಿ. ಅದು ಮೈ ಭಾರ ಇರೋರಿಗೆ, ಕಫ ಜಾಸ್ತಿ ಇರೋರಿಗೆ. ಇವರಿಗೆ ವಾತದ ಮೈ. ಎಣ್ಣೆನೇ ಜಾಸ್ತಿ ಬೇಕು."

ಓದಿದ ಹುಡುಗಿ, ಓದದ ಅಜ್ಜಿ ಇಬ್ಬರೂ ಒಂದೇ ಕಡೆ ಬಂದು ನಿಂತರಲ್ಲ, ನನಗೆ ಅದು ತುಂಬಾ ಹಿಡಿಸಿತು. ಈಗ ಒಣ ಉಜ್ಜುವ ಬ್ರಷ್ ಎಲ್ಲ ಕಡೆ ಮಾರಾಟಕ್ಕಿದೆ. ಯಾವ ಮೈಗೆ ಎಷ್ಟು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನಂಥ ಒಣ ಚರ್ಮದವರು ದಿನಾ ಗಟ್ಟಿ ಬ್ರಷ್ ಹಾಕಿ ತಿಕ್ಕಿದರೆ ಚರ್ಮದ ಮೇಲಿರುವ ಜಿಡ್ಡಿನ ಕಾಪೇ ಹೋಗಿಬಿಡುತ್ತದೆ. ಗಾಯ, ಕಜ್ಜಿ, ಇಸುಬು ಇರುವ ಜಾಗಕ್ಕಂತೂ ನಾರು ತಾಗಿಸಲೇಬಾರದು. ಹೀಗೆ ಉಜ್ಜಿದರೆ ಮೈಯೊಳಗಿನ ವಿಷ ಹೊರಗೆ ಬರುತ್ತದೆ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಅದು ಲಿವರ್, ಕಿಡ್ನಿ ಮಾಡುವ ಕೆಲಸ. ಉಜ್ಜಿದಾಗ ಸತ್ತ ಚರ್ಮ ಉದುರುತ್ತದೆ, ಚರ್ಮಕ್ಕೆ ರಕ್ತ ಹರಿಯುತ್ತದೆ, ಮೈ ಬೆಚ್ಚಗಾಗುತ್ತದೆ, ಆಮೇಲೆ ಹಚ್ಚುವ ಎಣ್ಣೆ ಎಲ್ಲ ಕಡೆ ಒಂದೇ ಸಮ ಹರಡುತ್ತದೆ. ಇಷ್ಟು ಸಾಲದೇ?

ಎಣ್ಣೆ ಹಿತ್ತಾಳೆ ಬಟ್ಟಲಲ್ಲಿತ್ತು. ಬಟ್ಟಲು ಬಿಸಿನೀರಿನ ಪಾತ್ರೆಯೊಳಗೆ. ಅತ್ತೆ ಎಣ್ಣೆಯನ್ನು ನೇರ ಬೆಂಕಿಗೆ ಇಡುವುದಿಲ್ಲ. ಮುಕ್ಕಾಲು ಪಾಲು ಎಳ್ಳೆಣ್ಣೆ, ಕಾಲು ಪಾಲು ಹರಳೆಣ್ಣೆ. ಹರಳೆಣ್ಣೆ ಒಂದನ್ನೇ ಹಾಕಿದರೆ ಅದರ ಅಂಟಿಗೆ ಕೈ ಜಾರುವುದೇ ಇಲ್ಲ, ಎಳ್ಳೆಣ್ಣೆ ಬೆರೆಸಿದರೆ ಹದವಾಗುತ್ತದೆ. ಮೊದಲೆಲ್ಲ ಹರಳೆಣ್ಣೆಯನ್ನು ಮನೆಯಲ್ಲೇ ತೆಗೆಯುತ್ತಿದ್ದರಂತೆ. ಹರಳು ಹುರಿದು, ಕುಟ್ಟಿ, ನೀರಿಗೆ ಹಾಕಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಅದನ್ನು ತೋಡಿ, ನೀರಿನ ಪಸೆ ಆರುವ ತನಕ ಮತ್ತೆ ಕಾಯಿಸುವುದು. ಈಗ ಗಾಣದಿಂದ ತರಿಸುತ್ತಾರೆ.

ಒಂದು ಹನಿ ತಮ್ಮ ಮಣಿಕಟ್ಟಿನ ಒಳಗೆ ಬಿಟ್ಟು ಬಿಸಿ ನೋಡಿಕೊಂಡರು. ಆಮೇಲೆ ನೆತ್ತಿಗೆ ಒಂದು ಅಂಗೈ ಎಣ್ಣೆ ಹಾಕಿ ತಟ್ಟಿದರು. ತಲೆ, ಕಿವಿ, ಪಾದ, ಈ ಮೂರಕ್ಕೆ ಎಣ್ಣೆ ತಪ್ಪಿಸಬಾರದು ಅಂತ ಅಷ್ಟಾಂಗಹೃದಯ ಅನ್ನುವ ಹಳೇ ಆಯುರ್ವೇದ ಗ್ರಂಥದಲ್ಲೂ ಇದೆಯಂತೆ, ಹುಡುಗಿ ಹೇಳಿದಳು. ಜ್ವರ, ನೆಗಡಿ ಕಫ, ಅಜೀರ್ಣ ಇದ್ದವರು ಎಣ್ಣೆ ಹಚ್ಚಿಕೊಳ್ಳಬಾರದು ಅಂತಲೂ ಅವಳೇ ಅಂದಳು. ಅದಕ್ಕೇ ಇರಬೇಕು, ಬಂದ ಕೂಡಲೇ ಅತ್ತೆ "ಹೊಟ್ಟೆ ಹಗುರ ಇದೆಯಾ?" ಅಂತ ಕೇಳಿದ್ದು.

ಎಣ್ಣೆ ಹಚ್ಚುವಾಗ ಕೈ ದಾರಿ ಬದಲಾಯಿತು. ಈಗ ಮೇಲಿನಿಂದ ಕೆಳಕ್ಕೆ, ರೋಮ ಮಲಗಿದ ಕಡೆಗೇ. ಉದ್ದ ಮೂಳೆಗೆ ಉದ್ದ ಎಳೆತ, ಕೀಲುಗಳಿಗೆ ಸುತ್ತು. ಬೆನ್ನಿಗೆ ಬಂದಾಗ ಅತ್ತೆಯ ಹೆಬ್ಬೆರಳು ಬಲಗಡೆ ರೆಕ್ಕೆ ಮೂಳೆಯ ಕೆಳಗೆ ಒಂದು ಕಡೆ ನಿಂತುಬಿಟ್ಟಿತು. ನಾನು ಎಲ್ಲಿ ನೋವು ಅಂತ ಹೇಳಿರಲಿಲ್ಲ.

"ಇಲ್ಲಿ ಗಂಟು ಕಟ್ಟಿದೆ. ಚೀಲ ಒಂದೇ ಹೆಗಲಿಗೆ ಹಾಕ್ಕೋತೀಯಾ?"

"ಹೂಂ ಅತ್ತೆ. ಎಡಗಡೆ ಅಭ್ಯಾಸ ಇಲ್ಲ."

ಅವರು ಒತ್ತಲಿಲ್ಲ. ಹೆಬ್ಬೆರಳನ್ನು ಅಲ್ಲೇ ಇಟ್ಟು ನನ್ನ ಉಸಿರು ನೋಡಿದರು. ನಾನು ಉಸಿರು ಬಿಟ್ಟಾಗ ಸ್ವಲ್ಪ ಇಳಿಸಿದರು, ಎಳೆದುಕೊಂಡಾಗ ಸಡಿಲ ಬಿಟ್ಟರು. ಎಷ್ಟೋ ಹೊತ್ತಿನ ಮೇಲೆ ಒಳಗೆ ಏನೋ ಸಣ್ಣಗೆ ಸರಿದಂತಾಗಿ ಕುತ್ತಿಗೆವರೆಗೂ ಬಿಸಿ ಏರಿತು. ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ಕುಯ್ಲು ಶುರುವಾದಾಗಿನಿಂದ ನನ್ನ ಹೆಗಲು ಬಿಗಿದೇ ಇತ್ತು ಅನ್ನುವುದು ಅದು ಸಡಿಲವಾದಾಗಲೇ ನನಗೆ ಗೊತ್ತಾಯಿತು.

ಎಣ್ಣೆ ಯಾವುದೇ ಇರಲಿ, ಕೆಲಸ ಮಾಡುವುದು ಕೈ. ಇದು ನನ್ನ ಗಟ್ಟಿ ನಂಬಿಕೆ. ಹಾಗಂತ ಎಣ್ಣೆಯನ್ನು ತಳ್ಳಿಹಾಕುವುದೂ ಬೇಡ. ಎಣ್ಣೆ ಸವರಿದ ಗಡಿಗೆ, ಎಣ್ಣೆ ಕುಡಿದ ತೊಗಲು, ಎಣ್ಣೆ ಬಿಟ್ಟ ಗಾಡಿ ಅಚ್ಚು ಬಾಳಿಕೆ ಬರುವ ಹಾಗೆ ಮೈಯೂ ಬಾಳುತ್ತದೆ ಅಂತ ಚರಕಸಂಹಿತೆಯಲ್ಲಿದೆ. ಹುಡುಗಿ ಇದನ್ನು ಹೇಳಿದಾಗ ಅತ್ತೆ, "ನಮ್ಮಪ್ಪನೂ ಗಾಡಿ ಕೀಲಿಗೆ ಇದೇ ಹರಳೆಣ್ಣೆ ಬಿಡ್ತಿದ್ರು" ಅಂದರು.

ಅರ್ಧ ಗಂಟೆ ಬಿಸಿಲಲ್ಲಿ ಸುಮ್ನೆ ಕೂರಿಸಿದರು. ಫೋನನ್ನು ಒಳಗೇ ಇಡಿಸಿದ್ದರು. ಅಷ್ಟರಲ್ಲಿ ಬಚ್ಚಲ ಒಲೆಗೆ ಕಾಫಿ ಗಿಡದ ಕಟ್ಟಿಗೆ ತುಂಬಿ ಹಂಡೆ ಕಾಯಿಸಿದರು. ಎಣ್ಣೆ ಕಾಲು ಜಾರಬಾರದು ಅಂತ ಬಚ್ಚಲ ಕಲ್ಲಿನ ಮೇಲೆ ಗೋಣಿತಾಟು ಹಾಸಿದ್ದರು. ವಯಸ್ಸಾದವರಿಗೆ ಎಣ್ಣೆ ಹಚ್ಚುವ ಮನೆಗಳಲ್ಲಿ ಇದೊಂದನ್ನು ಮರೆಯಲೇಬೇಡಿ. ತಲೆಗೆ ಸೀಗೆಪುಡಿ, ಮೈಗೆ ಕಡ್ಲೆಹಿಟ್ಟು. ಸೋಪು ಬೇಡವೇ ಬೇಡ ಅಂದರು. ಹಿಟ್ಟು ಹೆಚ್ಚಿನ ಜಿಡ್ಡನ್ನಷ್ಟೇ ಹೀರುತ್ತದೆ, ಒಂದು ಪಸೆ ಮೈಮೇಲೆ ಉಳಿಯುತ್ತದೆ. ಚಳಿಗಾಲಕ್ಕೆ ಬೇಕಾದ್ದೇ ಆ ಪಸೆ.

ಆಮೇಲೆ ಮೆಣಸಿನ ಸಾರು ಅನ್ನ ಉಂಡು, ಕಂಬಳಿ ಹೊದ್ದು ಮಲಗಿದ್ದಷ್ಟೇ ನೆನಪು.

ಎದ್ದಾಗ ಇಳಿಬಿಸಿಲು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದರು. ಮಗಳಿಗೆ ಹಾಸನದಲ್ಲಿ ಹೆರಿಗೆಯಾಗಿ ಮನೆಗೆ ಕರೆತಂದಿದ್ದಾರೆ. ಹೊಕ್ಕಳು ಬಿದ್ದು ಒಣಗಿದೆ, ನಾಳೆ ಬಂದು ಕೂಸಿಗೆ ಎರೆಯಬೇಕಂತೆ.

"ಬರ್ತೀನಿ. ಆದ್ರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡು ಅನ್ನಬೇಡ. ನಾನು ಬಿಡಲ್ಲ," ಅಂದರು ಅತ್ತೆ.

"ನಮ್ಮತ್ತೆ ಕಾಲದಿಂದ ಬಿಟ್ಕೊಂಡು ಬಂದಿದೀವಲ್ಲಮ್ಮ..."

"ನಾನೂ ಬಿಟ್ಟಿದೀನಿ. ಎಣ್ಣೆ ಮೂಗಿಂದ ಶ್ವಾಸಕೋಶಕ್ಕೆ ಇಳಿದ್ರೆ ಕೂಸಿಗೆ ನ್ಯುಮೋನಿಯಾ ಆಗುತ್ತೆ ಅಂತ ಮಕ್ಕಳ ಡಾಕ್ಟ್ರು ಹೇಳಿದ್ರು. ಅವತ್ತಿಂದ ನಿಲ್ಲಿಸ್ದೆ."

ದೊಡ್ಡವರ ಕಿವಿಯ ಮಾತೇ ಬೇರೆ, ಹಸುಗೂಸಿನ ಮಾತೇ ಬೇರೆ. ಐವತ್ತು ವರ್ಷ ಮಾಡಿಕೊಂಡು ಬಂದದ್ದನ್ನು ಒಂದು ಸರಿಯಾದ ಕಾರಣ ಕೇಳಿ ಬಿಟ್ಟರಲ್ಲ ಅತ್ತೆ, ಅವರ ಮೇಲಿದ್ದ ಗೌರವ ಇನ್ನೂ ಹೆಚ್ಚಾಯಿತು. ಪಕ್ಕದ ಮನೆಯಾಕೆ ಹೊರಟ ಮೇಲೆ ಮೊಮ್ಮಗಳ ಕಡೆ ತಿರುಗಿದರು.

"ನಾಳೆ ನೀನೂ ಬಾ. ಕೊಬ್ಬರಿ ಎಣ್ಣೆ ಬಟ್ಟಲು ತಗೋ. ಉಗುರು ಈಗ್ಲೇ ಕತ್ತರಿಸ್ಕೊ. ನಾನು ಕೂಸನ್ನ ಕಾಲ ಮೇಲೆ ಹಾಕ್ಕೋತೀನಿ, ಎಣ್ಣೆ ನೀನು ಹಚ್ಚು."